ಚೆರ್ರಿ ಮರದ ಡ್ರೈವರು

ಕ್ಯಾರ್ಡ್ಲದ ಬಂದರುಕಟ್ಟೆಯ ಕೋಣೆಯಲ್ಲಿ
ಕಡಲ ಮಟ್ಟ ಬರೆದಿಡುವ ಹಳೇ ಕಂಪ್ಯೂಟರು
ಹೊಸ ಡಿಸ್ಕು ಹಾಕಿಸಿಕೊಂಡು ಎದ್ದು ಕೂತು
ತನ್ನದೇ ಹೊಟ್ಟೆಯೊಳಗಿನ ಕಾರ್ಡನ್ನು
ನೀನ್ಯಾರು ಎಂದಿತು.

ಎರಡು ತೂತಿನ ಕಾರ್ಡು. ಒಂದು ಬಾಯಿ, ಒಂದು ಕಿವಿ.
ತಾಮ್ರದ ತಂತಿಯನ್ನು ಎರಡು ಸಲ ಸಿಡಿಲು ತಿಂದ ಮೇಲೆ
ಕಟ್ಟೆಯ ತುದಿಯ ಮಾಪಕದವರೆಗೆ
ಗಾಜಿನ ಎಳೆ ಹಾಸಿದವನು ಹೆಲ್ದುರ್.
ಗಾಜಿಗೆ ಸಿಡಿಲಿನ ಹಂಗಿಲ್ಲ.

ಎಳೆಯ ತುದಿಯನ್ನು ಫೋನಿನ ಕ್ಯಾಮೆರಾಗೆ ಹಿಡಿದೆ:
ನೇರಳೆ ಚುಕ್ಕೆ, ಸಾಸಿವೆಗಿಂತ ಸಣ್ಣದು.
ಅತ್ತಲಿಂದ ಮಾಪಕ ಹೇಳುತ್ತಲೇ ಇದೆ,
ಇತ್ತ ಕೇಳುವ ಕಿವಿಗೆ
ಭಾಷೆ ಮರೆತಿದೆ.

ಕಾರ್ಡು ಮಾಡಿದ ಕಂಪನಿಯನ್ನು ಇನ್ನೊಂದು ನುಂಗಿತ್ತು,
ಅದನ್ನು ಮತ್ತೊಂದು.
ಕೊನೆಯ ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಗಲಿಲ್ಲ.
ಹೆಸರು ಒಂದೇ, ಒಂದಂಕಿ ಬೇರೆಯಾದ ಡ್ರೈವರುಗಳು
ದಾಯಾದಿಗಳ ಹಾಗೆ ಬಂದವು,
ಗುರುತಿಲ್ಲವೆಂದು ಹೋದವು.
ಟಾಲಿನ್‌ನಿಂದ ರೀಹೊ: 'ಎಸೆದುಬಿಡು, ಹೊಸದು ಕಳಿಸುತ್ತೇನೆ.
ಅರ್ಜಿ ಹಾಕು, ಆರು ವಾರ.'
ಆರು ವಾರ ಕಡಲು ಸುಮ್ಮನಿರುತ್ತದೆಯೇ?

ಹೆಲ್ದುರ್ ಈಗ ಪೈನ್ ಮರಗಳ ಕೆಳಗೆ.
ಅವನ ಹೆಂಡತಿ ಲೇಯ್ಡಾಳ ಬಾಗಿಲು ತಟ್ಟಿದೆ.
'ಡ್ರೈವರು ಬೇಕಿತ್ತು.'
'ಯಾವ ಬಸ್ಸಿಗೆ?'
ಬಿಡಿಸಿ ಹೇಳಿದೆ. ಕೇಳಿದಳು, ಕೈ ಒರೆಸಿಕೊಂಡಳು.
'ಪೇಪರೆಲ್ಲ ಒಲೆಗೆ ಹೋಯಿತು ಮಗಳೇ.
ಹೊಳೆಯುವಂಥವು ಹಿತ್ತಲಲ್ಲಿವೆ.'

ಹಿತ್ತಲ ಚೆರ್ರಿ ಮರದ ತುಂಬ ಸೀಡಿಗಳು,
ಮೀನುಬಲೆಯ ದಾರಕ್ಕೆ ಕಟ್ಟಿದವು,
ಗಿರ್ರನೆ ತಿರುಗಿ, ನಿಂತು, ಮತ್ತೆ ತಿರುಗಿ
ಗೊರವಂಕಗಳನ್ನು ಹೆದರಿಸುತ್ತಿದ್ದವು.
ಏಣಿ ಹತ್ತಿದೆ. ತೆರಿಗೆ ತಂತ್ರಾಂಶ. ಜರ್ಮನ್ ಪಾಠ.
ಯಾರದೋ ಎಕ್ಸ್‌ರೇ.
ಏಳನೆಯದರ ಮೇಲೆ, ಹಿಕ್ಕೆಯ ಅಡಿಯಲ್ಲಿ,
ಕಾರ್ಡಿನ ಮೇಲಿದ್ದದ್ದೇ ಸಂಖ್ಯೆ.
ಕೈ ನಡುಗಿ ಒಂದು ಗೊಂಚಲು ಹಣ್ಣು ಕೆಳಗೆ ಬಿತ್ತು.

ಲೇಯ್ಡಾ ಕೆಳಗೇ ನಿಂತಿದ್ದಳು:
'ಒಂದು ತೆಗೆದರೆ ಒಂದು ಕಟ್ಟಬೇಕು.
ಹಕ್ಕಿಗಳು ಎಣಿಸುತ್ತವೆ.'
ಕಾರಿನಲ್ಲಿದ್ದದ್ದು ಒಂದೇ. ನನ್ನ ಮದುವೆಯದು.
ನಾಲ್ಕು ವರ್ಷದಿಂದ
ಎಲ್ಲಿ ಇಳಿಸಬೇಕೆಂದು ತಿಳಿಯದೆ ಸುತ್ತಿಸುತ್ತಿದ್ದೆ.
ಕಟ್ಟಿದೆ. ಗಾಳಿಗೆ ಚೆನ್ನಾಗಿಯೇ ತಿರುಗಿತು.

ಸಾಬೂನು ನೀರು, ಹತ್ತಿ ಬಟ್ಟೆ,
ನಡುವಿನಿಂದ ಅಂಚಿಗೆ ಒರೆಸಿದೆ.
ಮೊದಲ ಸಲ ಡ್ರೈವು ಕೆಮ್ಮಿತು.
ಎರಡನೆಯ ಸಲ ಅರ್ಧಕ್ಕೆ ನಿಂತಿತು.
ಹೆಲ್ದುರನ ಹಾಗೆ ಪೆಟ್ಟಿಗೆಯ ಪಕ್ಕಕ್ಕೊಂದು ಏಟು ಕೊಟ್ಟೆ.
ಬೇಕಿದ್ದ ಕಡತ ಒಂದು ಸೂಜಿಯ ಉದ್ದವೂ ಇರಲಿಲ್ಲ,
ನೂರು ಕಿಲೋಬೈಟಿನೊಳಗೆ.

ಹಸಿರು ದೀಪ ಮಿಟುಕಿತು.
ಮಾಪಕ ಮೊದಲು ಹೇಳಿದ್ದು
ದಿನವೂ ಹೇಳುವಂಥದ್ದೇ:
ನೀರು ಹದಿನಾಲ್ಕು ಸೆಂಟಿಮೀಟರು ಮೇಲೆ,
ಏರುತ್ತಿದೆ.

ಬರೆದುಕೊಂಡೆ.
ಬೆರಳಿನಲ್ಲಿ ಚೆರ್ರಿಯ ಕಲೆ ಇನ್ನೂ ಇತ್ತು,
ಎಂಟರ್ ಕೀಲಿಯ ಮೇಲೂ.