ಪೆಟ್ಟಿಗೆಯಲ್ಲಿಲ್ಲದ ಗಾಂಧಾರ

ಜವರಪ್ಪನಿಗೆ ನಾನು ಮೊದಲೇ ಹೇಳಿದ್ದೆ,
ಈ ಸ್ವರ ನನ್ನ ಪೆಟ್ಟಿಗೆಯಲ್ಲಿಲ್ಲ ಕಣಪ್ಪ.
ಕರಿ ಒಂದು ನಿನ್ನ ಶ್ರುತಿ. ಅಲ್ಲಿಂದ ಎಣಿಸು:
ಗಾಂಧಾರ ಈ ಬಿಳಿ ಮನೆ, ಮಧ್ಯಮ ಆ ಕರಿ ಮನೆ.
ಮಲ್ಹಾರದ ಗಾಂಧಾರಕ್ಕೆ ಎರಡರಲ್ಲೂ ಬಿಡಾರವಿಲ್ಲ,
ಜಗಲಿಯಿಂದ ಜಗಲಿಗೆ ತೂಗುತ್ತಿರುತ್ತದೆ.
ಬೆರಳಿಟ್ಟರೆ ಸತ್ತಿತು.

ಅವನು ನಾಲೆಯ ಸೌಡಿ. ಪಾಂಡವಪುರದಾಚೆ
ಏಳು ತೂಬಿನ ಬೀಗದ ಕೈ ಅವನ ಉಡಿದಾರದಲ್ಲಿ.
ನಲವತ್ತೈದಕ್ಕೆ ನಾಟಕದ ಹುಚ್ಚು ಹಿಡಿದು
ನೀರೊಳಗೆ ಅಡಗಿ ಕೂರುವ ಅರಸನ ಪಾರ್ಟಿಗೆ
ಮೂವತ್ತು ಸಾವಿರ ಎಣಿಸಿ ಕೊಟ್ಟಿದ್ದ.
ಹೆಂಡತಿ ಮೂರು ದಿನ ಮಾತು ಬಿಟ್ಟಿದ್ದಳು.

ಕೊಳದ ಸೀನಿಗೆ ಮಲ್ಹಾರ ಹಾಕೋಣವೆಂದದ್ದು ನಾನೇ.
ಹುಡುಗನಾಗಿದ್ದಾಗ ಮಂಡ್ಯದಲ್ಲಿ ಬೀಡುಬಿಟ್ಟಿದ್ದ
ಹುಬ್ಬಳ್ಳಿ ಕಡೆಯ ಕಂಪನಿಯೊಂದರಲ್ಲಿ
ಕಾಲುಪೆಟ್ಟಿಗೆಯ ಧೂಳು ಒರೆಸುತ್ತ ಕದ್ದು ಕೇಳಿದ್ದು:
ಒಂದು ನಿಷಾದ ಹೊರಟು, ಹೆಜ್ಜೆ ಹಿಂದೆ ಸರಿದು
ಧೈವತದ ಬಾಗಿಲು ತಟ್ಟಿ, ಮರಳುವಾಗ
ತನ್ನ ಮನೆ ಮರೆತು ಪಕ್ಕದ ನಿಷಾದದ ಮನೆ ಹೊಕ್ಕು
ಷಡ್ಜಕ್ಕೆ ಬರುತ್ತದೆ, ಮಬ್ಬಿನಲ್ಲಿ ದಾರಿ ತಡವಿದವನ ಹಾಗೆ.
ಅಲ್ಲಿ ಗುಡುಗಿದೆ ಅನ್ನುತ್ತಿದ್ದರು ಕಂಪನಿ ಮೇಷ್ಟ್ರು.
ನನಗೆ ಕೇಳಿಸಿದ್ದು ಗುಡುಗಲ್ಲ. ದೂರದಲ್ಲಿ ಯಾರೋ
ಕಬ್ಬಿನ ಗಾಡಿಯನ್ನು ಸೇತುವೆಗೆ ಹತ್ತಿಸುವ ಸದ್ದು.

ಪ್ರಾಕ್ಟೀಸು ನೋಡಲು ಬಂದ ಶಾಮಿಯಾನದ ಮರಿಚನ್ನ
ಮುಖ ಸಿಂಡರಿಸಿದ:
“ಮಳೆ ಕರೆಯೋ ರಾಗವಂತೆ? ನಾಟ್ಕ ಮುಗಿಯಗಂಟ
ಅದೊಂದ ಹಾಡ್ಬ್ಯಾಡಿ ಮೇಷ್ಟ್ರೆ.
ಸೀನರಿ ನೆಂದೋದ್ರೆ ಬಾಡ್ಗೆ ಯಾರಪ್ಪ ಕೊಟ್ಟನು?”
ಅವತ್ತಿನಿಂದ ಆ ಪದ ಬಂದಾಗೆಲ್ಲ
ಎಲ್ಲರ ಕಣ್ಣೂ ಮೇಲಕ್ಕೆ.
ಮಳೆಗೆಂದು ಹುಟ್ಟಿದ ರಾಗವನ್ನು
ಮಳೆ ಬಾರದಿರಲಪ್ಪ ಎಂದು ಹರಕೆ ಹೊತ್ತು ಹಾಡಿದ ಊರು
ನಮ್ಮದೊಂದೇ ಇರಬೇಕು.

“ಮುಚ್ಚಿಕೊ ಕೊಳವೇ” ಎಂದು ಸಾಲು ಬರೆದಿದ್ದೆ.
ಕೊಳವೆ ಅಂದರೆ ಪೈಪಲ್ಲವಾ ಎಂದು
ಸೈನಿಕರ ಪಾರ್ಟಿನ ಹುಡುಗರು ಬಿದ್ದು ಬಿದ್ದು ನಕ್ಕರು.
ಜವರಪ್ಪ ನಗಲಿಲ್ಲ. ಅವನಿಗೆ ಎರಡೂ ಒಂದೇ:
ಮುಚ್ಚುವುದು, ತೆರೆಯುವುದು,
ಎರಡಕ್ಕೂ ಬೈಸಿಕೊಳ್ಳುವುದು.

ನಾಟಕದ ರಾತ್ರಿ ಹನಿ ಬೀಳಲಿಲ್ಲ.
ಗದೆಯೂರಿ ನಿಂತು ಅವನು ಗಾಂಧಾರವನ್ನು
ನೆಟ್ಟಗೆ ಬಿಳಿ ಮನೆಯ ಮೇಲೆ ಕೂರಿಸಿದ, ಗೂಟ ಹೊಡೆದ ಹಾಗೆ.
ಸಿಳ್ಳೆ. ಒನ್ಸ್‌ಮೋರ್. ಹತ್ತು ರೂಪಾಯಿಯ ನೋಟಿನ ಹಾರ.
ನಾನೂ ಬೆರಳೊತ್ತಿ ಕೂಡಿಕೊಂಡೆ.
ಏನು ಮಾಡಲಿ,
ನಲವತ್ತು ವರ್ಷ ತೊಡೆಯ ಮುಂದಿಟ್ಟುಕೊಂಡರೂ
ಪೆಟ್ಟಿಗೆ ಬಲ್ಲದ್ದು ಅಷ್ಟೇ.

ಮಂಗಳ ಹಾಡುವಾಗ ಮೂಡಲು ಬೆಳ್ಳಗಾಗುತ್ತಿತ್ತು.
ಅವತ್ತು ಕೆಳಗಿನ ಬಯಲಿಗೆ ಕಟ್ಟುನೀರಿನ ಸರದಿ.
ಅರ್ದಳ ತೊಳೆಯದೆ, ಮಸಿ ಮೀಸೆಯಲ್ಲೇ
ಕಿರೀಟ ಕಂಕುಳಲ್ಲಿರಿಸಿಕೊಂಡು ಏರಿ ಹಿಡಿದು ಹೊರಟ.
ಸೈಕಲ್ಲಿನ ಹಿಂದೆ ಪೆಟ್ಟಿಗೆ ಬಿಗಿದು
ನಾನೂ ತಳ್ಳಿಕೊಂಡು ಹೋದೆ, ನನ್ನೂರಿನ ದಾರಿಯೂ ಅದೇ.

ತೂಬಿನ ತಿರುಪು ತುಕ್ಕು ಹಿಡಿದು ಗುರುಗುಟ್ಟಿತು.
ಅರ್ಧ ಸುತ್ತು. ನೀರು ಹೊಸ್ತಿಲವರೆಗೆ ಬಂತು,
ದಾಟಲಿಲ್ಲ,
ಹಿಂದಕ್ಕೂ ಹೋಗಲಿಲ್ಲ.
ಅಲ್ಲೇ ತುಟಿಯ ಮೇಲೆ ತೂಗಿತು, ತೂಗಿತು.
ಅವನ ಗಂಟಲು, ಅವನಿಗೇ ತಿಳಿಯದ ಹಾಗೆ, ಅದರ ಜೊತೆಗೆ.
ಅದೇ. ಕಂಪನಿ ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದ ಜಾಗ ಅದೇ.

ಇನ್ನರ್ಧ ಸುತ್ತಿಗೆ ನೀರು ಹೊರಟೇಹೋಯಿತು.

“ಜವರಪ್ಪ, ಇನ್ನೊಂದು ಸಲ ಅನ್ನು.”
“ಏನ ಮೇಷ್ಟ್ರೆ?”
ಅರ್ದಳದ ಮುಖದಲ್ಲಿ ಬೆವರು ದಾರಿ ಕೊರೆದಿತ್ತು.
ಹೇಳಿದರೆ ಮುಂದಿನ ಸಲ ಅಲ್ಲಿ ಬೆರಳಿಡುತ್ತಾನೆ.
ಏನಿಲ್ಲ, ಬೀಗ ಹಾಕು, ಅಂದೆ.

ಮರಿಚನ್ನನ ಟೆಂಪೊ ಹಾರನ್ನು ಹೊಡೆದುಕೊಂಡು ಬಂತು,
ಸುತ್ತಿಟ್ಟ ಕೊಳದ ಪರದೆಯ ತುದಿ ಹೊರಗೆ ಚಾಚಿ,
ಒಂದು ಹನಿಯೂ ತಾಗದ ನೀಲಿ ಬಣ್ಣ.
ನಾನು ಸೈಕಲ್ಲನ್ನು ಅಂಚಿಗೆ ಸರಿಸಿ ದಾರಿ ಬಿಟ್ಟೆ.