ಬೇಯುವಷ್ಟು ಹೊತ್ತು

ಏಳು ವರ್ಷದಿಂದ ಒಬ್ಬ ಹೆಂಗಸು
ಕಣಿವೆಯ ಮೇಲೆ, ನಡುದಾರಿಯಲ್ಲಿ,
ನಿಂತುಹೋದ ಕೇಬಲ್ ಕಾರಿನೊಳಗೆ ನೇತಾಡುತ್ತಿದ್ದಾಳೆ.
ಮ್ಯಾಂಗನೀಸ್ ಗಣಿಯ ಪಾಳಿ ಮುಗಿಸಿ ಹೊರಟವಳು,
ಕೈಯಲ್ಲಿ ಊಟದ ಡಬ್ಬಿ, ಕಾಲಲ್ಲಿ ಒದ್ದೆ ಬೂಟು.
ಕರೆಂಟು ಹೋಯಿತೆಂದು ಬರೆದಿದ್ದಾಳೆ ಎಟೇರಿ.
ಬಂತೆಂದು ಬರೆದಿಲ್ಲ.

ಕುತಾಯಿಸಿ ಊರು, ಬೆಳಗಿನ ನಾಲ್ಕು.
ರಿಯೋನಿ ಹೊಳೆ ಕತ್ತಲಲ್ಲೇ ಕಲ್ಲುಗಳ ಜತೆ ಜಗಳಕ್ಕಿಳಿದಿದೆ.
ಬಾವಿಯಂಥ ಮಣ್ಣೊಲೆಯೊಳಗೆ ಸೊಂಟದ ತನಕ ಬಾಗಿ
ದೋಣಿಯಾಕಾರಕ್ಕೆ ಎಳೆದ ಹಿಟ್ಟನ್ನು
ಕಾದ ಗೋಡೆಗೆ ಫಟ್ಟೆಂದು ಬಡಿಯುತ್ತಾಳೆ.
ಒಂದು, ಎರಡು, ಹದಿನೆಂಟು.
ಹುಬ್ಬು ಸುಟ್ಟು ಯಾವ ಕಾಲವಾಯಿತೋ.
ಮಧ್ಯಾಹ್ನ ಇಲ್ಲಿಂದ ಬಿಟ್ಟರೆ ಹೋಟೆಲಿನ ಪರದೆ ಹೊಲಿಗೆ,
ಸಂಜೆ ಮಗಳು ತಮ್ತಾಳ ಭಾಗಾಕಾರ,
ರಾತ್ರಿ, ನಿದ್ದೆಯೆಂಬ ಸಾಲಗಾರ.

ಬರೆಯುವುದಿಲ್ಲವೆಂದು ಅವಳು ಯಾವತ್ತೂ ಹೇಳಿದ್ದಿಲ್ಲ.
ಬಾಗಿಲಿಗೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿಟ್ಟು
ದೆವ್ವವನ್ನು ದಿನವೂ ಹಿಂದಕ್ಕೆ ಕಳಿಸುವವರ ಹಾಗೆ
ಕತೆಯನ್ನು ಕಳಿಸಿದಳು, ಅಷ್ಟೆ.
ದೆವ್ವಕ್ಕೂ ಓದು ಬರುತ್ತದೆ, ಪಾಪ. ನಂಬಿ ಹೋಗುತ್ತದೆ.

ಗಂಧ ತೇಯ್ದದ್ದೇ ತೇಯ್ದದ್ದು.
ಮೂರು ನೋಟುಪುಸ್ತಕ ಕೊಂಡಳು, ಒಂದಕ್ಕೆ ಬಟ್ಟೆಯ ರಟ್ಟು.
ಮೊದಲ ಪುಟದ ಅಲ್ಪವಿರಾಮ ತೆಗೆದಳು,
ವಾರ ಬಿಟ್ಟು ಅಲ್ಲೇ ಇಟ್ಟಳು.
ಒಮ್ಮೆ, ಮಗಳು ಅಜ್ಜಿಯ ಮನೆಗೆ ಹೋಗಿ,
ಇಡೀ ಭಾನುವಾರ ಕೈಗೆ ಸಿಕ್ಕಿತು, ಹೊಸ ನೋಟಿನಂತೆ ಗರಿಗರಿ.
ಕಿಟಕಿ ಒರೆಸಿದಳು. ಕಿಟಕಿಯ ಹಿತ್ತಾಳೆ ಹಿಡಿಕೆ ಒರೆಸಿದಳು.
ಕತ್ತಲಾದಾಗ ಮನೆ ಥಳಥಳ,
ಅಲ್ಲಿ ಮೇಲೆ ಆ ಹೆಂಗಸು
ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು.

ಸಮಯವಿಲ್ಲ ಎಂಬ ಮಾತು ಸುಳ್ಳಲ್ಲ.
ಆದರೆ ಆ ಭಾನುವಾರದ ಮೇಲೆ
ಅದನ್ನು ಜೋರಾಗಿ ಹೇಳಲು ಅವಳಿಗೆ ನಾಚಿಕೆ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಯಾಕೋ,
ರೊಟ್ಟಿ ಸುತ್ತುವ ಕಂದು ಕಾಗದದ ಮೇಲೆ
ಲೆಕ್ಕದ ಪೆನ್ನಿನಲ್ಲಿ ಒಂದು ಸಾಲು ಗೀಚಿದಳು:
'ಪೆಟ್ಟಿಗೆ ಗಾಳಿಗೆ ತೂಗಿತು, ಅವಳು ಡಬ್ಬಿಯನ್ನು ಎದೆಗವಚಿಕೊಂಡಳು.'
ಹಿಟ್ಟು ನಾದುವ ಓತಾರನಿಗೇನು ಗೊತ್ತು,
ಅದರಲ್ಲೇ ಎರಡು ರೊಟ್ಟಿ ಸುತ್ತಿ ಮಾರಿಬಿಟ್ಟ.

ಮರುದಿನ ಗಿರಾಕಿ ಬಂದ, ಗಡಿಯಾರ ರಿಪೇರಿಯ ಶಾಲ್ವಾ,
ಕೆಂಡಾಮಂಡಲ. ಶಾಯಿ ರೊಟ್ಟಿಗೆ ಅಂಟಿದೆಯಂತೆ,
ನೀಲಿ ರೊಟ್ಟಿಯನ್ನು ಯಾವ ನಾಯಿ ಮೂಸುತ್ತದೆಯಂತೆ.
ಚಿಲ್ಲರೆ ಎಣಿಸಿಕೊಂಡು, ಹೊಸಿಲು ದಾಟಿ, ತಿರುಗಿ ಬಂದ.
'ಅಲ್ಲಮ್ಮಾ, ಆ ಪೆಟ್ಟಿಗೆಯಲ್ಲಿ ಅವಳ ಜತೆ ಇನ್ನು ಯಾರಿದ್ದರು?'

ಎಟೇರಿ ಬಾಯಿ ತೆರೆದಳು.
ಏಳು ವರ್ಷ. ಒಮ್ಮೆಯೂ
ಆ ಮಂಜು ಕವಿದ ಗಾಜಿನೊಳಗೆ ಇಣುಕಿರಲಿಲ್ಲ ಅವಳು.
ಇಳಿಸುವುದು ಹೇಗೆಂಬ ಚಿಂತೆಯಲ್ಲೇ
ಒಳಗೆ ಹತ್ತಿದವರನ್ನು ಎಣಿಸಿರಲಿಲ್ಲ.
ಒಲೆಯಲ್ಲಿ ನಾಲ್ಕು ರೊಟ್ಟಿ ಕರಕಲಾದವು.

ಈಗ ಹೀಗೆ:
ಹಿಟ್ಟು ಬಡಿದು ಸೊಂಟ ನೆಟ್ಟಗೆ ಮಾಡಿದರೆ
ತೆಗೆಯುವ ತನಕ ಆರು ನಿಮಿಷ.
ಒರೆಸಲು ಅಲ್ಲಿ ಕಿಟಕಿಯಿಲ್ಲ.
ಉಗುರಿನ ಸಂದಿಯ ಹಿಟ್ಟು ಕಾಗದಕ್ಕೆ ಮೆತ್ತುತ್ತದೆ,
ಅಕ್ಷರ ಸೊಟ್ಟ, ಎಷ್ಟೋ ಸಲ ಅರ್ಧ ಪದಕ್ಕೇ ಒಲೆ ಕೂಗುತ್ತದೆ,
ಕೆಲವು ದಿನ ಆರು ನಿಮಿಷವೂ ಸುಮ್ಮನೆ ಗೋಡೆ ನೋಡುತ್ತಾಳೆ.
ಒಳ್ಳೆಯ ಸಾಲೇ ಬರುತ್ತದೆಂದೇನಿಲ್ಲ.
ಕಾಗದವನ್ನು ಏಪ್ರನ್ನಿನ ಜೇಬಿಗೆ ತುರುಕುತ್ತಾಳೆ,
ಓತಾರನ ಕೈಗೆ ಸಿಗದಂತೆ.

ಕರೆಂಟು ಇನ್ನೂ ಬಂದಿಲ್ಲ.
ಆದರೆ ಮೂಲೆಯಲ್ಲಿ ಒಬ್ಬ ಹುಡುಗ ಕೂತಿದ್ದಾನೆ,
ಅವನ ತೊಡೆಯ ಮೇಲೆ ಬಾಯಿ ಕಟ್ಟಿದ ಗೋಣಿಚೀಲ,
ಚೀಲದೊಳಗೆ ಜೀವಂತ ಕೋಳಿ.
ಇವತ್ತು, ಏಳನೆಯ ಸುತ್ತಿನ ರೊಟ್ಟಿ ಬೇಯುವಷ್ಟರಲ್ಲಿ,
ಅದು ಕೊಕ್ ಕೊಕ್ ಎಂದಿತು.
ಹೆಂಗಸು ತಿರುಗಿ ನೋಡಿದಳು.