ಚೀಟಿ ಮ್ಯಾಲ ಒಂದೇ ಮಾತು

ಮಂಗಲಪೇಟ ಚರ್ಚಿನ ಹಿಂದಿನ ಖೋಲಿ.
ಗುರುವಾರ ಸಂಜಿ, ಫ್ಯಾನು ಒಂದು, ಕುರ್ಚಿ ಹನ್ನೊಂದು.
ವಿಮಲಾಬಾಯಿ ಸಿಸ್ಟರ್ ಹಂಚಿದರು
ಹಳೇ ಹಾಜರಿ ಪುಸ್ತಕ ಹರಿದು ಮಾಡಿದ ಚೀಟಿ.
“ಎಲ್ಲಾ ಬ್ಯಾಡ. ಒಂದೇ ಬರೀರಿ.
ಯಾವುದನ್ನ ಮೊದಲು ದೇವರ ಕೈಯಾಗ ಕೊಡ್ತೀರಿ, ಅದು.”

ನಾ ಬಂದದ್ದು ತಮ್ಮನ ಜೋಡಿ.
ಆಟೋದಾಗ ತೋಳು ಹಿಡಕೊಂಡು ಕುಂತಾಕಿ
ಚೌಬಾರಾ ದಾಟೂತನಕ ಬಿಟ್ಟಿಲ್ಲ,
ಅಲ್ಲಿ ಎಡಕ್ಕೊಂದು ಅಂಗಡಿ ಅದ.
ನನಗ್ಯಾಕ್ರಿ ಚೀಟಿ, ಅಂದೆ.
ಕುರ್ಚಿ ಮ್ಯಾಲ ಕುಂತವರಿಗೆಲ್ಲಾ, ಅಂದರು.

ತಿಮೊಥಿ ಬರದೇ ಬಿಟ್ಟ, ಮೂರಕ್ಷರ.
ಅಷ್ಟು ಸಲೀಸು! ಗ್ಯಾಸ್ ಬುಕ್ ಮಾಡಿದಂಗ.
ಎದುರಿನ ಹುಡುಗ ಮೊಬೈಲ್ ಜೂಜು ಅಂತ ಬರದು
ಅಂಗೈ ಮುಚ್ಚಿದ.

ನಾ ನನ್ನೊಳಗ ಹುಡುಕಿದೆ, ಸಣ್ಣದೊಂದು,
ಕೊಟ್ಟರೂ ನಡೆಯುವಂಥಾದ್ದು:
ದಿನಕ್ಕ ಆರು ಕಪ್ ಚಾ.
ಕೀರ್ತನೆ ಹಾಡೂಮುಂದ ಮುಂದಿನ ಸಾಲಿನ ಸೀರಿ ನೋಡೋದು.
ಪೆನ್ನು ಕಾಗದ ಮುಟ್ಟಲಿಲ್ಲ.

ಮನ್ಯಾಗ ಜೋಳದ ಡಬ್ಬಿ ಹಿಂದ
ಕ್ಯಾಲೆಂಡರ್ ಅವ, ಯಾರಿಗೂ ತೋರಿಸಿಲ್ಲ.
ತಮ್ಮ ಬಿದ್ದ ದಿನಕ್ಕೆಲ್ಲಾ ಕೆಂಪು ಗೆರಿ.
ಒಂಬತ್ತು ವರ್ಷದ್ದು. ಒಂಬತ್ತೂ ಇಟ್ಟೀನಿ.

ಹೋದ ಕ್ರಿಸ್ಮಸ್ ಮುಂದ ನಾಲ್ವತ್ತು ದಿನ
ಗೆರಿ ಬೀಳಲಿಲ್ಲ.
ಆ ನಾಲ್ವತ್ತು ದಿನ ಚರ್ಚಿನಾಗ ಯಾರೂ ಕೇಳಲಿಲ್ಲ,
“ಹ್ಯಾಂಗದಾನವ್ವಾ ತಮ್ಮ? ಪಾಪ, ನೀ ಇದ್ದಿ ಅಂತ…”
ಖರೇ ಹೇಳಬೇಕಂದ್ರ
ನಾಲ್ವತ್ತೊಂದನೇ ರಾತ್ರಿ ಆಂವ ತೂರಾಡಕೋತ ಬಂದಾಗ
ಬಾಗಿಲ ತೆಗೆದ ನನ್ನ ಕೈ
ಹಗುರ ಇತ್ತು.
ಅಳಲತ್ತಿದ್ದೆ. ಆದರೂ ಹಗುರ ಇತ್ತು.

ಇದಕ್ಕೇನು ಹೆಸರು?
ಗೋಡಿಗೆ ಹಚ್ಚಿದ ಪಟ್ಟಿಯಾಗ ಇಲ್ಲ.
ಕುಡಿತಕ್ಕ ವಾಸನೆ ಅದ, ಮಂದಿ ಹಿಡೀತಾರ.
ಇದು ರೊಟ್ಟಿ ಮುರಿದು ಬಾಯಿಗಿಡತದ,
ಜ್ವರ ಬಂದ್ರ ಹಣಿಗೆ ಒದ್ದಿ ಬಟ್ಟಿ ಹಾಕ್ತದ,
ಪ್ರಾರ್ಥನೆಯಾಗ ಎಲ್ಲಾರಕಿಂತ ಮೊದಲು
ಕಣ್ಣು ಮುಚ್ಚತದ.

ಹೊರಗ ಕತ್ತಲಾತು. ಕ್ವಾಟಿ ಕಡಿಂದ ಗಾಳಿ.
“ಅಕ್ಕಾ, ಇನ್ನಾ ಬರದಿಲ್ಲೇನು?
ನಿಂದೇನದ ಬರಿಯೂದು?”
ತಿಮೊಥಿ ನಗಲತ್ತಿದ್ದ. ಒಂಬತ್ತು ವರ್ಷದಾಗ ಮೊದಲ ಸಲ
ಆಂವ ನನಗ ಕಾಯಲತ್ತಿದ್ದ.

ನನ್ನ ಪೆನ್ನು ಹತ್ತಲಿಲ್ಲ, ಅವನದೇ ಇಸಗೊಂಡೆ.
‘ತಮ್ಮ’ ಅಂತ ಬರದೆ. ಹೊಡದು ಹಾಕಿದೆ,
ಆಂವ ಅಲ್ಲ.
ಅದರ ಕೆಳಗ ‘ಕೆಂಪು ಗೆರಿ’ ಅಂತ ಬರದು
ನಾಕು ಸಲ ಮಡಚಿದೆ.
ಸಿಸ್ಟರಿಗೆ ತಿಳೀಲಿಕ್ಕಿಲ್ಲ. ಇರಲಿ.
ಕ್ಯಾಲೆಂಡರಿನ ಮಾತು ಮುಂದಿನ ಗುರುವಾರ.